ಸಾಸಿವೆ ಸದ್ದು

ಡಾಕ್ಟರ್ ವಾಗ್ದೇವಿ ಕಾರಿಳಿಯುತ್ತಲೇ ಕೇಳಿದರು:
"ಗಿಲ್ಬರ್ಟ್, ನಿಜ ಹೇಳಬೇಕು.
ಲೀಟರಿಗೆ ಎಂಟು ರೂಪಾಯಿ ಹೆಚ್ಚು ತೆತ್ತು
ತೊಂಬತ್ತೈದರ ಪೆಟ್ರೋಲು ಕುಡಿಸ್ತಿದೀನಿ.
ಗೊತ್ತಾಗೋದು ಕಾರಿಗಾ, ಬರೀ ನನಗಾ?"

ಆಟೋ ಕಾಂಪ್ಲೆಕ್ಸಿನಲ್ಲಿ ನನ್ನ ಶಟರು ಇನ್ನೂ ಅರ್ಧ ಎದ್ದಿತ್ತು.
ಬಾಯಲ್ಲಿ ಬೆಣ್ಣೆ ಬನ್ನು. ಹಲ್ಲಿನ ಡಾಕ್ಟರ ಎದುರು
ಸಕ್ಕರೆ ಜಗಿಯಲು ಅಂಜಿ, ಇಡಿಯಾಗಿ ನುಂಗಿ ಅಂದೆ:

ಆಕ್ಟೇನ್ ಅಂದ್ರೆ ಬಲ ಅಲ್ಲ ಮೇಡಂ,
ಬಾಟಲಿಯ ಟಾನಿಕ್ಕಲ್ಲ.
ಉರಿದರೆ ಎರಡರ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ.
ಅದು ತಡೆದುಕೊಳ್ಳುವ ಗುಣ.
ಪಿಸ್ಟನ್ನು ಕೆಳಗಿನಿಂದ ಒತ್ತಿ ಒತ್ತಿ
ಮೂಲೆಗೆ ಸೇರಿಸಿ ಉಸಿರು ಕಟ್ಟಿಸಿದರೂ
ಕಿಡಿ ಬರುವ ತನಕ
ಹೊತ್ತಿಕೊಳ್ಳದೆ ಕೂತಿರುವ ಗುಣ.
ತಡೆಯದಿದ್ದರೆ ಸದ್ದು: ಚಟ್, ಚಟಚಟ,
ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿದ ಹಾಗೆ.

"ತಾಳಿದವನು ಬಾಳಿಯಾನು ಅನ್ನು," ನಕ್ಕರು.
ಗಾದೆಗೇನು, ಎಲ್ಲಕ್ಕೂ ಹೊಂದುತ್ತದೆ.
ನನ್ನ ಹಳೇ ಎಂಟುನೂರು ಸೀಸಿ ಗಾಡಿಗೆ
ತಾಳುವಂಥ ಒತ್ತಡವೇ ಇಲ್ಲ;
ಅದಕ್ಕೆ ತೊಂಬತ್ತೈದು ಹಾಕುವುದು
ಹಾಸಿಗೆಯಲ್ಲಿ ಮಲಗಿದವನ ಕೈಗೆ ಕೊಡೆ ಕೊಟ್ಟಂತೆ.
ನಿಮ್ಮ ಟರ್ಬೊದ ಮಾತು ಬೇರೆ.
"ಎಷ್ಟು ಬೇರೆ?"
ಅಳೆಯದೆ ಹೇಳಲಾರೆ.

ಭಾನುವಾರ, ಏಪ್ರಿಲ್. ಹೊಸಂಗಡಿಯಿಂದ ಹುಲಿಕಲ್ ತುದಿಗೆ,
ಮೊದಲ ಬಸ್ಸು ಇಳಿಯುವ ಮುನ್ನ.
ಟ್ಯಾಂಕು ಬರಿದು ಮಾಡಿ, ಕ್ಯಾನಿನಲ್ಲಿ ಅಳೆದು ಹುಯ್ದೆ.
ಪಕ್ಕದ ಸೀಟಿನಲ್ಲಿ ಪೀಟಿ ಟೀಚರು, ನನ್ನ ತಂಗಿ ಶಾಲೆಟ್,
ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು.
ತೊಂಬತ್ತೊಂದಕ್ಕೆ: ಎಂಟು ನಿಮಿಷ ಆರು ಸೆಕೆಂಡು.
ತೊಂಬತ್ತೈದಕ್ಕೆ: ಎಂಟು ನಿಮಿಷ ಐದು.
ಆ ಒಂದು ಸೆಕೆಂಡೂ ಮೊದಲ ಸುತ್ತಿನಲ್ಲಿ
ರಸ್ತೆ ದಾಟಿದ ಮುಂಗುಸಿಗೆ ಸೇರಿದ್ದು ಎಂದಳು ಶಾಲೆಟ್.
ಡಾಕ್ಟರ ಮುಖ ಸಣ್ಣದಾಯಿತು.
ಮಾತಾಡದೆ ಕ್ಯಾನಿನ ಮುಚ್ಚಳ ತಿರುಗಿಸಿದರು,
ಮುಚ್ಚಿದ್ದನ್ನೇ ಮತ್ತೊಮ್ಮೆ ಮುಚ್ಚಿದರು.

ಅವಸರ ಬೇಡ, ಮಂಜು ಹೋಗಲಿ ಅಂದೆ.

ಎರಡು ಗಂಟೆಗೆ ಬಾನೆಟ್ ಮೇಲೆ ಕೈಯಿಡಲಾಗುತ್ತಿರಲಿಲ್ಲ.
ಆಗ ಏರಿಸಿದೆವು ತೊಂಬತ್ತೊಂದನ್ನು.
ನಾಲ್ಕನೇ ತಿರುವು ದಾಟಿದ್ದೇ ಗಾಡಿ ಸೋತಿತು.
ಸದ್ದಿಲ್ಲ, ಹೊಗೆಯಿಲ್ಲ.
ಒಳಗೊಂದು ಸೆನ್ಸರು ಇರುತ್ತದೆ:
ಮೊದಲ ಸಾಸಿವೆಗೇ ಕಿವಿಗೊಟ್ಟು
ಕಿಡಿಯನ್ನು ಹಿಂದಕ್ಕೆ ಸರಿಸಿಬಿಡುತ್ತದೆ,
ಮಾತು ಬೆಳೆಯುವ ಮುಂಚೆಯೇ ಚಪ್ಪಲಿ ಮೆಟ್ಟಿ
ಹೊರಗೆ ನಡೆವ ಗಂಡನ ಹಾಗೆ.
ಎಂಟು ನಿಮಿಷ ಹದಿನೇಳು.
ಮತ್ತೆ ತೊಂಬತ್ತೈದು: ಬೆಳಗಿನ ಲೆಕ್ಕಕ್ಕೇ ಬಂತು, ಎಂಟು ಆರು.

"ಹನ್ನೊಂದು ಸೆಕೆಂಡು!" ಕುಣಿದರು.
ಶಾಲೆಟ್ ಸುಮ್ಮನೆ ಸೀಟಿ ಊದಿದಳು.
ಹೌದು ಮೇಡಂ. ಆದರೆ ನೀವು ದಿನಾ ಓಡಿಸುವುದು
ಗೋಪಿ ಸರ್ಕಲ್ಲಿನಿಂದ ಕ್ಲಿನಿಕ್ಕಿಗೆ, ಎರಡನೇ ಗೇರು.
ಅಲ್ಲಿ ಎಲ್ಲಿ ಖರ್ಚು ಮಾಡ್ತೀರಿ ಇದನ್ನ?
ಉತ್ತರ ಕೊಡಲಿಲ್ಲ.
"ಆ ಸದ್ದು ನನಗೆ ಕೇಳಿಸು," ಅಂದರು.

ಶೆಡ್ಡಿಗೆ ಬಂದು, ನನ್ನ ಎಂಟುನೂರರ ಡಿಸ್ಟ್ರಿಬ್ಯೂಟರನ್ನು
ಬೇಕೆಂದೇ ಒಂದು ಗುಲಗಂಜಿಯಷ್ಟು ತಿರುಗಿಸಿದೆ.
ಫಕ್ರುದ್ದೀನ್ ಸಾಬರ ಉದ್ದ ಸ್ಕ್ರೂಡ್ರೈವರು ತೆಗೆದೆ.
ಕೆಲಸ ಕಲಿಸಿದ ಸಾಬರಿಗೆ ಕೊನೆಗೆ ಕಿವಿ ಹೋಗಿತ್ತು;
ತುದಿಯನ್ನು ಇಂಜಿನ್ನಿಗೆ ಒತ್ತಿ
ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ
ತಲೆಬುರುಡೆಯಿಂದಲೇ ಕೇಳುತ್ತಿದ್ದರು.
"ಎಲುಬು ಕೇಳಿಸಿಕೊಳ್ಳುತ್ತೆ," ಅಂದರು ಡಾಕ್ಟರು,
ಅದು ಅವರ ಇಲಾಖೆಯ ಮಾತು.
ಹಿಡಿಯನ್ನು ಸೀರೆಯ ಸೆರಗಿಗೆ ಒರೆಸಿ, ಕಚ್ಚಿ,
ಕಣ್ಣು ಮುಚ್ಚಿದರು. ನಾನು ತಂತಿ ಎಳೆದೆ.

ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟರು:
"ಸಾಸಿವೆ."

ಈಗಲೂ ಅವರು ತೊಂಬತ್ತೈದೇ ಹಾಕಿಸುತ್ತಾರೆ.
ನಾನು ತೊಂಬತ್ತೊಂದು, ಅದೂ ಇನ್ನೂರು ರೂಪಾಯಿಗೆ.
ಸ್ಕ್ರೂಡ್ರೈವರಿನ ಹಿಡಿಯ ಮೇಲೆ ಸಾಬರ ಹಲ್ಲಿನ ಗುರುತು,
ಒಂದು ಕಡೆ ಹಲ್ಲಿಲ್ಲದ ಜಾಗ ಬಿಟ್ಟು.
ಅದರ ಪಕ್ಕ ಇನ್ನೊಂದು ಸಾಲು,
ಹೊಸದು, ಒಂದೂ ವಾರೆಯಿಲ್ಲ.