ಶನಿವಾರದ ಹಲ್ಲು

ಪಣಂಬೂರಿನ ಬಾಡಿಗೆ ಕೋಣೆಗೆ ಒಂದೇ ನಲ್ಲಿ.
ನಾನು, ಮತ್ತೆ ಹನಾನಿಯ ರೋಹೇಕರ್,
ಬಂದರಿನಲ್ಲಿ ತೂಕ ಬರೆಯುವವನು.

ಮೊದಲ ಶನಿವಾರ ಪೇಸ್ಟಿನ ಟ್ಯೂಬು ಚಾಚಿದೆ.
ತಲೆಯಾಡಿಸಿದ.
"ಸವರಿದರೆ ಅದು ಕೆಲಸ.
ಒದ್ದೆ ಬ್ರಶ್ಶು ಹಿಂಡಿದರೆ ಅದೂ ಕೆಲಸ.
ವಸಡಲ್ಲಿ ರಕ್ತ ಬಂತೋ, ಕೇಳಲೇಬೇಡ."
ಅವನ ಅಜ್ಜಂದಿರು ಅಲಿಬಾಗಿನ ಕಡೆಯ ಗಾಣದವರಂತೆ,
ಶನಿವಾರ ಎತ್ತು ಬಿಚ್ಚಿ ಕೂತವರು.
"ಎಳ್ಳನ್ನೇ ಹಿಂಡದವರು,
ಬ್ರಶ್ಶಿನ ಎರಡು ಹನಿ ಹಿಂಡುತ್ತೇವಾ ಮಾರಾಯ?"
'ಮಾರಾಯ' ಕಲಿತದ್ದು ಇಲ್ಲೇ.

ನಕ್ಕೆ. ಉಡುಪಿಯ ನನ್ನ ದೊಡ್ಡತ್ತೆ
ಮಡಿಸೀರೆಗೆ ಬೆಕ್ಕಿನ ಬಾಲ ತಾಗಿತೆಂದು
ಮತ್ತೆ ಬಾವಿಕಟ್ಟೆಗೆ ಹೋದದ್ದು ನೆನಪಾಗಿ
ನಗು ಅರ್ಧಕ್ಕೇ ನಿಂತಿತು.

ಅಂಗಳದ ಮಾವಿನೆಲೆ ಕೀಳಹೋದೆ. ಸಲ್ಲ.
ಕಿತ್ತದ್ದೂ ಸಲ್ಲ, ಇವತ್ತು ತಾನಾಗಿ ಉದುರಿದ್ದೂ.

ಅಂದಿನಿಂದ ಶುಕ್ರವಾರ
ಸೂರ್ಯ ಕಡಲಿಗೆ ತಾಗುವ ಮೊದಲು
ಎರಡೆಲೆ ಕಿತ್ತು, ನಡುನಾರು ತೆಗೆದು,
ಲೋಟದಲ್ಲಿ ಇಡುತ್ತೇನೆ. ಅವನು ಕೇಳಿದ್ದಲ್ಲ.
ಬೆಳಿಗ್ಗೆ ಅವನ ಬಾಯಲ್ಲಿ ಒಗರು,
ನನ್ನ ಬಾಯಲ್ಲಿ ಬಿಳಿನೊರೆ.

ನಿನ್ನೆ ಕಲ್ಲಿದ್ದಲ ಹಡಗು ತಡವಾಗಿ, ಮರೆತೆ.
ಇವತ್ತು ಅವನು ಬರೀ ನೀರು ಮುಕ್ಕಳಿಸಿ
ಬಾಯಿ ಮುಚ್ಚಿಕೊಂಡೇ
ನಗುತ್ತಿದ್ದಾನೆ.