ಎರಡೂವರೆ ಟ್ರಿಪ್ಪು

ಬೈಕಂಪಾಡಿಯ ಈ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ
ಬೇರೆಯವರ ಕಿಲೋಮೀಟರು ಕೂಡಿಸುತ್ತಿದ್ದೇನೆ.
ಸಕಲೇಶಪುರದಾಚೆ ನಾನು ಹೋದದ್ದು ಒಮ್ಮೆ,
ಅಕ್ಕನ ಮಗಳ ಮದುವೆಗೆ, ಬಸ್ಸಿನಲ್ಲಿ, ನಿದ್ದೆ ಮಾಡುತ್ತ.

ಮೊದಲು ಪುಸ್ತಕವಿತ್ತು. ನೀಲಿ ರಟ್ಟು, ಡೀಸೆಲ್ ವಾಸನೆ.
ಹಮ್ಮಬ್ಬಾಕರ ಅಕ್ಷರ ಘಾಟಿ ಹತ್ತುವ ಹಾಗೆ
ಓರೆಯಾಗಿ ಮೇಲೇರಿ, ಸಾಲು ಮುಗಿಯುವಲ್ಲಿ ಉಸಿರು ಬಿಡುತ್ತಿತ್ತು.
ಪಣಂಬೂರಿನಿಂದ ತಾಳೆ ಎಣ್ಣೆ, ನೆಲಮಂಗಲಕ್ಕೆ.
ಹೋಗಿ ಬಂದರೆ ಏಳು ನೂರು.
ವಾರಕ್ಕೆ ನಾಲ್ಕು ಟ್ರಿಪ್ಪು, ಹಬ್ಬದ ಮುಂದೆ ಐದು.
ವಿಶ್ರಾಂತಿಯ ಕಾಲಮ್ಮಿನಲ್ಲಿ ಮಾತ್ರ ಎಲ್ಲ ದಿನ ಎಂಟು ಗಂಟೆ.
ಒಂದೇ ಪೆನ್ನು, ಕೂತಲ್ಲೇ ಒಟ್ಟಿಗೆ ಗೀಚಿದ್ದು,
ಅದು ನನಗೆ ಗೊತ್ತಿತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು.
ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ ಎಂಬ ಮಾತು
ನಾವಿಬ್ಬರೂ ಎತ್ತಲಿಲ್ಲ.

ಈಗ ಸ್ಟಿಯರಿಂಗಿನ ಕೆಳಗೆ ಸಾಬೂನಿನ ಪೆಟ್ಟಿಗೆಯಷ್ಟು ಡಬ್ಬಿ.
ಎಂಜಿನ್ ಕೆಮ್ಮಿದರೆ ಸಾಕು, ಬರೆದುಕೊಳ್ಳುತ್ತದೆ.
ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು,
ಮೀರಿದರೆ ನನ್ನ ಸ್ಕ್ರೀನು ಕೆಂಪು, ಧಣಿಗಳ ಮೊಬೈಲು ಕೆಂಪು.
ಗುಂಡ್ಯದಲ್ಲಿ ಮರ ಬಿದ್ದು ಮೂರು ಗಂಟೆ ಸಾಲುಗಟ್ಟಿ ನಿಂತರೂ
ಎಂಜಿನ್ ಗುರುಗುಟ್ಟುತ್ತಿದ್ದರೆ ಡಬ್ಬಿಗೆ ಅದು ಓಟವೇ.
"ಬಾಯಮ್ಮಾ, ನಿಂತದ್ದನ್ನೂ ಓಡಿದೆ ಅನ್ನುತ್ತದಲ್ಲ ಇದು,
ಹಾಗಾದರೆ ನಿಂತದ್ದರ ಕಿಲೋಮೀಟರೂ ಕೊಡಲಿ."
ಕಿಲೋಮೀಟರಿಗೆ ಇಷ್ಟು ಎಂದೇ ಅವರ ಸಂಬಳ.
ಕೂಡಿಸಿದೆ: ಸಾವಿರದ ಏಳು ನೂರ ಅರವತ್ತು.
ಎರಡೂವರೆ ಟ್ರಿಪ್ಪು.
ಅರ್ಧ ಟ್ರಿಪ್ಪು ಎಂದರೆ
ಶನಿವಾರ ಗಂಟೆ ಮುಗಿದು, ಖಾಲಿ ಟ್ಯಾಂಕರಿನ ಅಡಿಗೆ ಚಾಪೆ ಹಾಸಿ
ನೆಲಮಂಗಲದ ಧೂಳಿನಲ್ಲಿ ಭಾನುವಾರ ಕಳೆಯುವುದು,
ಕೃಷ್ಣಾಪುರದಲ್ಲಿ ಮಗಳು ಬಂಗುಡೆ ತೊಳೆದಿಟ್ಟು ಫೋನು ಮಾಡುವುದು.

ಡಬ್ಬಿ ಬಂದ ಮೇಲೆ ಕಂಡದ್ದು ಇನ್ನೊಂದಿದೆ.
ಘಾಟಿ ಇಳಿಯುವಾಗ, ಪ್ರತಿ ಸಲ, ಕೆಂಪುಹೊಳೆಯ ಹತ್ತಿರ
ಎಂಜಿನ್ ಆಫ್. ಹನ್ನೊಂದು ನಿಮಿಷ. ಕೆಲವೊಮ್ಮೆ ಹನ್ನೆರಡು.
ಅಲ್ಲಿ ಚಹಾದ ಗೂಡಂಗಡಿಯಿಲ್ಲ, ಪಂಪಿಲ್ಲ, ಪಳ್ಳಿಯೂ ಇಲ್ಲ.
ಪುಸ್ತಕದಲ್ಲಿ ಆ ನಿಮಿಷಗಳು ಎಂದೂ ಇರಲಿಲ್ಲ.
ಡೀಸೆಲ್ ಮಾರುತ್ತಾನೋ ಏನೋ, ಕೇಳಿ ನೋಡಿ, ಎಂದರು ಧಣಿ.
ಕೇಳಿದೆ.

ಹಮ್ಮಬ್ಬಾಕ ಕಿಟಕಿಯ ಕಂಬಿ ಹಿಡಿದು ಹೊರಗೇ ನಿಂತು
"ಪುರಂದರ" ಎಂದರು. ಅಷ್ಟೇ.

ನೆಲ್ಯಾಡಿಯ ಹುಡುಗ. ಕ್ಲೀನರ್. ಹತ್ತೊಂಬತ್ತು.
ನನ್ನ ಮೇಜಿನ ಮೂಲೆಗೆ ಒಮ್ಮೆ ಹಲಸಿನ ಹಪ್ಪಳ ತಂದಿಟ್ಟವನು.
ಅದು ಐದು ಟ್ರಿಪ್ಪಿನ ವಾರ. ಬೆಳಗಿನ ಜಾವ ನಾಲ್ಕು.
ಕಣ್ಣು ಮುಚ್ಚಿದ್ದು ಎಷ್ಟು ಹೊತ್ತು ಎಂದು
ಅಳೆಯುವ ಡಬ್ಬಿ ಆಗ ಇರಲಿಲ್ಲ.
ತಡೆಗೋಡೆ ಎಡಕ್ಕಿತ್ತು, ಹುಡುಗ ಎಡಕ್ಕೇ ಕುಳಿತಿದ್ದ.
ಪುಸ್ತಕ ಒದ್ದೆಯಾಗದೆ ಸಿಕ್ಕಿತು. ಆ ರಾತ್ರಿಯ ವಿಶ್ರಾಂತಿ
ಮೊದಲೇ ಬರೆದಾಗಿತ್ತು: ಎಂಟು ಗಂಟೆ.
ಮೂರು ಸಾವಿರದ ಐನೂರಕ್ಕೆ ಬೋನಸ್ಸು, ಕೆಂಪು ಶಾಯಿಯಲ್ಲಿ,
ಲಾರಿ ಇನ್ನೂ ದಾರಿಯಲ್ಲಿರುವಾಗ, ಹಿಂದಿನ ಸಂಜೆಯೇ
ಎರಡು ಸಲ ಕೂಡಿಸಿ, ಸರಿ ನೋಡಿ
ಬರೆದಿಟ್ಟು ಮನೆಗೆ ಹೋದವಳು ನಾನು.

"ಈ ಡಬ್ಬಿ ಆಗಲೇ ಇದ್ದಿದ್ದರೆ..." ಎಂದು ತೊಡಗಿದೆ.
"ಇದ್ದಿದ್ದರೆ ನನ್ನ ಮನೆಗೆ ಸ್ಲ್ಯಾಬು ಬೀಳುತ್ತಿರಲಿಲ್ಲ" ಎಂದರು.
ಸ್ವಲ್ಪ ಬಿಟ್ಟು, "ಅವನು ಇರುತ್ತಿದ್ದ. ಎರಡೂ ಹೌದು, ಬಾಯಮ್ಮಾ.
ಈ ವಾರದ್ದು ಎಷ್ಟಾಯಿತು, ಅದು ಹೇಳಿ."

ನಿಲುಗಡೆಗೆ ಕಾರಣ ಹಾಕದೆ ಸ್ಕ್ರೀನು ಮುಂದೆ ಹೋಗುವುದಿಲ್ಲ.
ಊಟ, ಟೋಲು, ಬ್ಲಾಕು, ಟಯರು, ಇತರೆ.
ಟಯರು ಒತ್ತಿದೆ.
ಅಂದಿನಿಂದ ವಾರಕ್ಕೆ ಎರಡು ಸಲ, ಒಂದೇ ಜಾಗದಲ್ಲಿ, ಪಂಕ್ಚರು.
ಮೊನ್ನೆ ಧಣಿಗಳು ಆ ಗಾಡಿಗೆ
ನಾಲ್ಕು ಹೊಸ ಟಯರು ತರಿಸಿದರು.