ಸೈಕಲ್ಲಿನ ಇಸವಿ

ನಡೆದದ್ದು ಸಾಕು, ಇನ್ನು ಸೈಕಲ್ಲು ತುಳಿಯಿರಿ
ಅಂದರು ಮೊಣಕಾಲಿನ ಡಾಕ್ಟರು, ನಗದೇ ಅಂದರು.
ನನಗೆ ಐವತ್ತೆರಡು. ಪಿಗ್ಮಿ ಕಲೆಕ್ಷನ್ನು.
ಕೋಡಿಬಾಗದಿಂದ ಬೈತಖೋಲದ ತನಕ
ದಿನಕ್ಕೆ ನಲವತ್ತೊಂದು ಬಾಗಿಲು:
ಪಾವಿನ ಭಟ್ಟಿ, ಮೂರು ಸಲೂನು, ಬಲೆಯ ದಾರ ಮಾರುವವ,
ಬರ್ಫಿನ ಕಾರ್ಖಾನೆ ಗೇಟಿನ ಚಹಾದವಳು.
ಹತ್ತು, ಇಪ್ಪತ್ತು,
ಕೆಲವೊಮ್ಮೆ ಬರೀ ಒಂದು ನಗೆ, "ನಾಳೆ ಕೊಡ್ತೆ."

ಸೈಕಲ್ಲು ನನಗೆ ಹೊಸತಲ್ಲ.
ಗಂಟೆಗೆ ಎಂಟಾಣೆಯ ಬಾಡಿಗೆಯದರಲ್ಲಿ
ಒಳಪೆಡಲು ಕಲಿತವಳು, ಲಂಗ ಚೈನಿಗೆ ಕೊಟ್ಟವಳು.
ಅಡ್ಡದಂಡದ ಕೆಳಗೆ ಕಾಲು ತೂರಿಸಿ
ಮೈಯೆಲ್ಲ ಒಂದೇ ಕಡೆ ವಾಲಿಸಿಯೂ
ನೇರ ಹೋಗಬಹುದು ಎಂಬುದು ಆಗ ಗೊತ್ತಾದದ್ದು,
ಮುಂದೆ ಬಹಳ ಕಡೆ ಉಪಯೋಗಕ್ಕೆ ಬಂತು.

ಒಂದು ಇತ್ತು ಇನಾಸನ ರಿಪೇರಿ ಅಂಗಡಿಯಲ್ಲಿ.
ಕಸ್ಟಮ್ಸಿನ ಯಾರೋ ಬಿಟ್ಟು ಹೋದದ್ದಂತೆ,
ಹಡಗಿನಲ್ಲಿ ಬಂದದ್ದಂತೆ.
ಮೂತಿಯ ಮೇಲೆ ಹಿತ್ತಾಳೆಯ ಬಿಲ್ಲೆ,
ಬ್ರೇಕಿಗೆ ತಂತಿಯಲ್ಲ, ಸರಳು,
ಚೈನಿಗೆ ಮುಚ್ಚಿದ ಪೆಟ್ಟಿಗೆ, ಅದರೊಳಗೆ ಕತ್ತಲೆ ಮತ್ತು ಎಣ್ಣೆ.
ಸೀಟಿನ ತೊಗಲು ಯಾರದೋ ಕೂತ ಗುರುತಿಗೆ ಬಗ್ಗಿ ಕಲ್ಲಾಗಿದೆ.
ಹತ್ತಿದರೆ ಎಡಕ್ಕೆ ಜಾರುತ್ತೇನೆ.
ಆ ಮನುಷ್ಯನ ಎಡಜೇಬಿನಲ್ಲಿ
ದಿನವೂ ಏನೋ ಭಾರ ಇದ್ದಿರಬೇಕು.

ಇನ್ನೊಂದು ಗ್ರೀನ್ ಸ್ಟ್ರೀಟಿನ ಶೋರೂಮಿನ ಗಾಜಿನೊಳಗೆ.
ಎಳೆ ಹೆಸರುಕಾಳಿನ ಬಣ್ಣ. ಮುಂದೆ ಬೆತ್ತದ ಬುಟ್ಟಿ,
ಮುಟ್ಟಿದರೆ ಪ್ಲಾಸ್ಟಿಕ್ಕು.
ಸೀಟಿಗೆ ಹಿತ್ತಾಳೆ ಮೊಳೆ,
ಉಗುರಿನಲ್ಲಿ ಕೆರೆದರೆ ಬರೀ ಗುಳ್ಳೆ.
ದಂಡದ ಮೇಲೆ ಬಳ್ಳಿ ಅಕ್ಷರದಲ್ಲಿ ೧೯೬೨.
"ವಿಂಟೇಜ್ ಲುಕ್ಕು ಮೇಡಂ, ಒಳಗೆ ಏಳು ಗೇರು"
ಅಂದ ಗೌರೀಶ ಎಂಬ ಹುಡುಗ.
ಅರವತ್ತೆರಡರಲ್ಲಿ ನಾನು ಹುಟ್ಟಿರಲಿಲ್ಲ.
ಇದೂ ಹುಟ್ಟಿರಲಿಲ್ಲ.
ಅಷ್ಟರ ಮಟ್ಟಿಗೆ ನಾವಿಬ್ಬರೂ ಸಮ.

ಸುಳ್ಳು ಹೇಳಬಾರದು, ಮನಸ್ಸು ಹಳೆಯದರ ಮೇಲೇ ಇತ್ತು.
ಮೊದಲ ದಿನ ಇನಾಸ ಮೂರೂವರೆ ಸಾವಿರ ಅಂದ.
ವಾರ ಬಿಟ್ಟು ಹೋದರೆ ಐದು.
ಚವತಿ ಕಳೆದ ಮೇಲೆ ಏಳು, ಲಾಂಪು ಬೇರೆ, ಕ್ಯಾರಿಯರ್ ಬೇರೆ.
ಜಗಳಕ್ಕೆಂದೇ ಬಾಯಿ ತೆರೆದೆ.
ಆಗ ಕಂಡಿತು ಅವನ ಕೈ:
ರೇಟು ಹೇಳುತ್ತ ಹೇಳುತ್ತ ಸೀಟಿನ ಮೇಲೆ
ಇಲ್ಲದ ನೊಣ ಓಡಿಸುತ್ತಿತ್ತು.

ಇಪ್ಪತ್ತಾರು ವರ್ಷ ನಾನು ಓದಿದ್ದು ಕೈಗಳನ್ನೇ.
ಗಲ್ಲೆ ತೆರೆಯುವ ಕೈ ಯಾವುದು,
"ನಾಳೆ ಬನ್ನಿ" ಅನ್ನುವ ಕೈ ಯಾವುದು,
ಬಾಯಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.
ಮಾರುವ ಕೈ ಅಲ್ಲ ಅದು.
ಮಾರುತ್ತೇನೆಂದು ತಾನೇ ನಂಬಿಕೊಂಡಿದ್ದ, ಪಾಪ.

ಹೆಸರುಕಾಳಿನದ್ದನ್ನೇ ತಂದೆ. ಕಂತಿನಲ್ಲಿ.
ಏಳು ಗೇರಿನಲ್ಲಿ ಎರಡು ಸಾಕು ನನ್ನ ಊರಿಗೆ.
ಸೇತುವೆಯ ಏರಿಗೆ ಮೊಣಕಾಲು ಒಮ್ಮೆಯೂ ಗೊಣಗಲಿಲ್ಲ.
ಮಷಿನ್ನಿನ ಚೀಲ ಸುಳ್ಳು ಬೆತ್ತದ ಬುಟ್ಟಿಯಲ್ಲಿ
ನಿಜವಾಗಿಯೇ ಕೂರುತ್ತದೆ.

ಮುಂದಿನ ನೂಲಹುಣ್ಣಿಮೆಯ ಹೊತ್ತಿಗೆ,
ಬೋಟುಗಳು ಮತ್ತೆ ಇಳಿಯುವ ವಾರ,
ಗಾಳಿ ಹಾಕಿಸಲು ನಿಂತಿದ್ದೆ.
ಇನಾಸ ಬಗ್ಗಿದವನು ಏಳಲಿಲ್ಲ.
ಎರಡರ ಅಂಕಿಯ ಬಾಲದ ಕೆಳಗೆ
ಸಾಸಿವೆಯಷ್ಟು ಕೆಂಪು.
"ಬಂತು ಬಾಯೇ" ಅಂದ,
ಮಗುವಿಗೆ ಮೊದಲ ಹಲ್ಲು ಕಂಡವನ ಹಾಗೆ.

ನನಗೆ ಏನೋ ಒಂಥರಾ ಖುಷಿ.
ಬರೆದುಕೊಂಡ ಇಸವಿಯ ಅಡಿಯಲ್ಲಿ
ಕೊನೆಗೂ ಒಂದು ಖರೆ ತಾರೀಕು.
"ಇರಲಿ ಬಿಡು" ಅಂದೆ.

ಅವನು ನನ್ನನ್ನು ನೋಡಿದ, ಬುದ್ಧಿ ಇದೆಯೋ ಎಂಬಂತೆ.
ಕಾಗದದಿಂದ ಉಜ್ಜಿದ, ಎಣ್ಣೆ ಹಚ್ಚಿದ,
ಹಿಂದೆ ನಿಂತಿದ್ದ ಹಳೆಯದಕ್ಕೂ ಅದೇ ಬಟ್ಟೆ ಆಡಿಸಿ
ಇಪ್ಪತ್ತರ ನೋಟು ಚಾಚಿದ:
"ಇರಲಿ ಅನ್ನಲಿಕ್ಕೆ ಅದೇನು ನೆಂಟನೇ?
ಉಪ್ಪು ಅದು. ಬರಕೊಳ್ಳಿ."